ಕಾರ್ಡಿಗೆ ಕಲಾಯಿ

ನಮ್ಮ ದೇವರ ಜಗಲಿಯ ಮಗ್ಗುಲಿಗೆ, ಊದಿನಕಡ್ಡಿಯ ಪೊಟ್ಟಣಕ್ಕೆ ಒರಗಿಸಿ, ಅಂಗೈ ಅಗಲದ ಒಂದು ಹಸಿರು ಹಲಗೆ ಇಟ್ಟಿದ್ದೇನೆ. ಮೈತುಂಬ ಸಾಸಿವೆ, ಎಳ್ಳು, ಮೆಂತ್ಯದ ಕಾಳು ಅಂಟಿಸಿದ ಹಾಗೆ ಪುಟ್ಟ ಪುಟ್ಟ ಸಾಮಾನು. ನಡುವೆ ಕನ್ನಡಿಯಂಥ ಕಪ್ಪು ಚೌಕ. ಒಂದು ಅಂಚಿಗೆ ಸಾಲಾಗಿ ಬಂಗಾರದ ಬಣ್ಣದ ಹಲ್ಲು. ಸಂದುಗೊಂದಿನಲ್ಲಿ ಇನ್ನೂ ಒಂದಿಷ್ಟು ಕುಂಕುಮ ಉಳಿದುಕೊಂಡಿರುವುದರಿಂದ ಮನೆಗೆ ಬಂದವರು ದನಿ ತಗ್ಗಿಸಿ, ಇದು ಯಾವ ಯಂತ್ರ, ಯಾವ ಸ್ವಾಮಿಗಳು ಕೊಟ್ಟದ್ದು ಎಂದು ವಿಚಾರಿಸುತ್ತಾರೆ. ಮೊನ್ನೆ ಎದುರು ಮನೆಯ ತೆಲುಗಿನ ಅತ್ತೆ ಸೊಸೆ ಇಬ್ಬರೂ ಅದಕ್ಕೆ ಕೈಮುಗಿದು ಹೋದರು. ನಾನು ತಡೆಯಲಿಲ್ಲ. ಅತ್ತೆ ಸೊಸೆ ಕೂಡಿ ಒಂದು ಕೆಲಸ ಮಾಡುವುದೇ ಅಪರೂಪ, ಅದನ್ನು ಕೆಡಿಸುವುದು ಯಾಕೆ.

ಅದು ನನ್ನ ಲ್ಯಾಪ್‌ಟಾಪಿನ ಹಳೆಯ ಗ್ರಾಫಿಕ್ಸ್ ಕಾರ್ಡು. ಪರದೆಯ ಮೇಲೆ ಚಿತ್ರ ಬರೆಯುವುದೊಂದೇ ಅದರ ಕೆಲಸ, ಮಿಕ್ಕ ತಲೆನೋವೆಲ್ಲ ಬೇರೆ ಭಾಗಗಳದು, ಎಂದು ನನ್ನ ಮೊಮ್ಮಗಳು ಸಹನಾ ತಿಳಿಸಿಕೊಟ್ಟಿದ್ದಾಳೆ. ನಮ್ಮ ಮನೆಯಲ್ಲೂ ಅಂಥ ಒಬ್ಬರಿದ್ದಾರೆ, ಬರೀ ಚಿತ್ರ ನೋಡಿಕೊಂಡು ಕೂರುವವರು. ಈಗ ಸೋಫಾದ ಮೇಲೆ ಕ್ರಿಕೆಟ್ ನಡೆದಿದೆ.

ಇದನ್ನು ನಾನು ಫೋನಿನಲ್ಲಿ ಟೈಪ್ ಮಾಡುತ್ತಿದ್ದೇನೆ ಎಂಬುದನ್ನು ನೀವು ಗಮನಿಸಬೇಕು. ಕಲಿತು ಎರಡು ತಿಂಗಳಾಯಿತು. ಒಂದೇ ಬೆರಳು, ಕೋಳಿ ಕಾಳು ಹೆಕ್ಕಿದ ಹಾಗೆ. ಫೋನಿಗೆ ನನಗಿಂತ ಅವಸರ. 'ಗ್ರಾ' ಎನ್ನುವಷ್ಟರಲ್ಲಿ ಅದು 'ಗ್ರಹಣ' ಎಂದು ಬರೆದು ಮುಗಿಸಿರುತ್ತದೆ. 'ಇಂದು' ಎಂದು ನನ್ನ ನೆಗೆಣ್ಣಿಯ, ಅಂದರೆ ಮೈದುನನ ಹೆಂಡತಿಯ ಹೆಸರು ಒತ್ತಿದರೆ 'ಇಂದು ಅಮಾವಾಸ್ಯೆ' ಎಂದು ಮುಂದಿನದನ್ನೂ ತಾನೇ ಸೇರಿಸುತ್ತದೆ. ಇಷ್ಟು ಬೇಗ ಅದಕ್ಕೆ ಇಂದುಮತಿಯ ಪರಿಚಯ ಹೇಗಾಯಿತೋ ಕಾಣೆ. ಈ ಬರಹದಲ್ಲಿ ತಪ್ಪು ಕಂಡರೆ ಫೋನಿನದು, ಸರಿ ಕಂಡರೆ ನನ್ನದು.

ಕಾರ್ಡಿನ ಸುದ್ದಿಯನ್ನು ಮೊದಲು ನಾನು ಮನೆತನದ ಗ್ರೂಪಿನಲ್ಲಿ ಹಾಕಿದೆ. ಗ್ರಾಫಿಕ್ಸ್ ಎಂಬುದನ್ನು ಬರೆಯಲು ಫೋನು ಬಿಡಲೊಲ್ಲದಾದ್ದರಿಂದ ಬರೀ "ನನ್ನ ಕಾರ್ಡು ಹಳೇದಾಗೇತಿ, ಬದಲಿ ಹಾಕಸಬೇಕು, ಯಾರರೇ ದಾರಿ ಹೇಳ್ರಿ" ಎಂದು ಬರೆದೆ. ನಿಮಿಷದೊಳಗೆ ಇಡೀ ಬಳಗ ಎದ್ದು ಕೂತಿತು. ಕಲಬುರಗಿಯ ಅಳಿಯ ಆಧಾರಕ್ಕೆ ಬೆರಳಚ್ಚು ಮತ್ತೆ ಕೊಡಬೇಕೆಂದ. ಸೊಲ್ಲಾಪುರದ ತಂಗಿ ರೇಶನ್ ಕಾರ್ಡಿನಿಂದ ಯಾರ ಹೆಸರು ತೆಗೆದಿದ್ದಾರೆ ಎಂದು ಗಾಬರಿಯಾದಳು. ಇನ್ನೊಬ್ಬ, ದೊಡ್ಡವ್ವಾ ಯಾರು ಕೇಳಿದ್ರೂ ಓಟಿಪಿ ಹೇಳಬ್ಯಾಡ ಎಂದು ದನಿ ಕಳಿಸಿದ. ಪಕ್ಕದ ಕೋಣೆಯಿಂದ ನಮ್ಮ ಮನೆಯವರು ಎರಡು ಕೈಮುಗಿದ ಚಿತ್ರ ಹಾಕಿದರು, ಯಾವ ಸುದ್ದಿಗಾದರೂ ಅವರು ಹಾಕುವುದು ಅದನ್ನೇ. ಕೊನೆಗೆ ಇಂದು ಬರೆದಳು: "ಅಕ್ಕಾ, ಈ ವಯಸ್ಸಿನಲ್ಲಿ ಯಾವ ಕಾರ್ಡು? ಹಳೇದರಲ್ಲೇ ಹೇಗೋ ತಳ್ಳಿದ್ರೆ ಆಗಲ್ವಾ, ತಪ್ಪು ತಿಳ್ಕೋಬೇಡಿ."

ತಪ್ಪು ತಿಳ್ಕೋಬೇಡಿ ಎಂಬುದು ಇಂದುವಿನ ಹುಣಸೆಬರಲು. ಅವಳು ತುಮಕೂರಿನ ಕಡೆಯವಳು. ಮದುವೆಯಾಗಿ ಬಂದು ನಲವತ್ತು ವರ್ಷ ಮೇಲಾದರೂ ನನ್ನನ್ನು ಬಹುವಚನದಲ್ಲೇ ಮಾತಾಡಿಸುತ್ತಾಳೆ, ಬಹುವಚನದಲ್ಲೇ ಬಾರಿಸುತ್ತಾಳೆ.

ಅವಳಿಗೆ ಯಾವ ಕಾರ್ಡೆಂದು ಚೆನ್ನಾಗಿ ಗೊತ್ತಿತ್ತು. ಯಾಕೆಂದರೆ ಆ ಕಾರ್ಡಿನ ಮೇಲೆ ನನ್ನ ಮಾನ ನಿಂತಿದ್ದುದು ಅವಳೆದುರಿಗೇ.

ಸಹನಾ ಕಾಲೇಜಿನಲ್ಲಿ ಕಟ್ಟಡಗಳ ಚಿತ್ರ ಬರೆಯಲೆಂದು ಹೇಳಿ ಒಂದು ಗೇಮಿಂಗ್ ಲ್ಯಾಪ್‌ಟಾಪ್ ಕೊಡಿಸಿಕೊಂಡಿದ್ದಳು. ಎಷ್ಟು ಕಟ್ಟಡ ಬರೆದಳೋ, ಅದರಲ್ಲಿ ಕುಣಿದ ಆಟಗಳ ಸದ್ದು ಮಾತ್ರ ನಮ್ಮ ಇಡೀ ಉಪ್ಪಲ್ ಬಡಾವಣೆಗೆ ಕೇಳಿಸುತ್ತಿತ್ತು. ರೊಟ್ಟಿ ಬಡಿಯುವ ಕೊಣಮಿಗೆಯಷ್ಟು ತೂಕ, ತೊಡೆಯ ಮೇಲಿಟ್ಟರೆ ಕಾಲು ಜೋಮು ಹಿಡಿಯಬೇಕು. ಕೆಲಸಕ್ಕೆ ಸೇರಿದ ಮೇಲೆ ಅವಳು ಹಪ್ಪಳದಂಥ ತೆಳುವಾದದ್ದೊಂದನ್ನು ತಂದುಕೊಂಡು, ಹಳೆಯದನ್ನು ನನಗೆ ಕೊಟ್ಟು, ಅದರಲ್ಲಿ ಒಂದು ಲಾರಿ ಆಟ ಹಾಕಿಕೊಟ್ಟಳು. ನೀವು ಲಾರಿ ಡ್ರೈವರು. ಸರಕು ಹೇರಿಕೊಂಡು ಪರದೇಶದ ರಸ್ತೆಗಳಲ್ಲಿ ಹೊಡೆಯುತ್ತ ಹೋಗುವುದು. ಇನ್ನೊಬ್ಬರು ಬೇರೆ ಮನೆಯಲ್ಲಿ ಕೂತು ಅದೇ ರಸ್ತೆಯಲ್ಲಿ ತಮ್ಮ ಲಾರಿ ಓಡಿಸಬಹುದು. ಇಂದು ಈಗ ಮಗಳ ಸಂಗಡ ಊರಿನ ಇನ್ನೊಂದು ತುದಿಗೆ, ಗಚ್ಚಿಬೌಲಿಯಲ್ಲಿ ಹದಿನಾಲ್ಕನೇ ಮಹಡಿಯಲ್ಲಿದ್ದಾಳೆ. ಉಪ್ಪಲ್ಲಿನಿಂದ ಅಲ್ಲಿಗೆ ಮೆಟ್ರೋ, ಅದಾದ ಮೇಲೆ ಆಟೋ, ಅದಾದ ಮೇಲೆ ಅವರ ಗೇಟಿನ ಕಾವಲಿನವರಿಗೆ ನಾನು ಯಾರೆಂದು ಒಪ್ಪಿಸುವುದು. ಮೊಣಕಾಲು ಬೇಡವೆನ್ನುತ್ತದೆ. ಹಾಗಾಗಿ ನಾವಿಬ್ಬರೂ ಭೇಟಿಯಾಗುವುದು ಮಧ್ಯಾಹ್ನ ಮೂರಕ್ಕೆ, ಚಹಾ ಕುಡಿದು, ಫೋನು ಪಕ್ಕದಲ್ಲಿ ಸ್ಪೀಕರಿಗೆ ಹಾಕಿಕೊಂಡು, ಹೆಸರು ಹೇಳಲು ಬಾರದ ಯಾವುದೋ ದೇಶದ ಹೆದ್ದಾರಿಯ ಮೇಲೆ. ಅವಳದು ಕೆಂಪು ಲಾರಿ, ನನ್ನದು ಹಳದಿ.

ನಿಮಗೆ ನಗು ಬಂದಿರಬಹುದು. ಆದರೆ ಗಾಡಿ ಎಂಬುದು ನನ್ನ ಎಪ್ಪತ್ತು ವರ್ಷದ ಆಸೆ. ಇಂಡಿ ಎಂಬ ಊರಿನಲ್ಲಿ, ನನ್ನ ತವರಿನಲ್ಲಿ, ನಮ್ಮ ಕಾಕಾನ ಸೈಕಲ್ಲು ಒಂದಿತ್ತು. ಸೀಟಿನ ಮೇಲೆ ಕೂತರೆ ಕಾಲು ನಿಲುಕದು, ಆದ್ದರಿಂದ ನಡುವಿನ ತೊಲೆಯ ಕೆಳಗೆ ಒಂದು ಕಾಲು ತೂರಿಸಿ, ಮೈಯೆಲ್ಲ ಸೊಟ್ಟ ಮಾಡಿಕೊಂಡು ತುಳಿಯುತ್ತಿದ್ದೆ. ಲಂಗ ಚೈನಿಗೆ ಸಿಕ್ಕದಂತೆ ಕಚ್ಚೆ ಹಾಕಿಕೊಳ್ಳುತ್ತಿದ್ದೆ. ಒಂದು ದಿನ ಇಳಿಜಾರಿನಲ್ಲಿ ಬಿಟ್ಟೆ ನೋಡಿ, ಬಾಯಲ್ಲಿ ಗಾಳಿ ಹೊಕ್ಕು ಕೆನ್ನೆ ಉಬ್ಬಿತು. ಲಿಂಬೆ ಹಣ್ಣಿನ ರಾಶಿ ಹಾಕಿಕೊಂಡು ಕೂತಿದ್ದ ಮುದುಕಿಯೊಬ್ಬಳು ದಾರಿ ಬಿಡುವವಳಲ್ಲ, ನನಗೆ ಬ್ರೇಕು ಗೊತ್ತಿಲ್ಲ. ರಾಶಿಯೊಳಗೆ ಸೈಕಲ್ಲಿನ ಸಮೇತ ಹೋಗಿ ಬಿದ್ದೆ. ಮೈಯೆಲ್ಲ ಲಿಂಬೆರಸ, ತರಚಿದಲ್ಲೆಲ್ಲ ಉರಿ, ಮೇಲಿನಿಂದ ಮುದುಕಿಯ ಬೈಗುಳ. ಬಲಗೈ ಕಿರುಬೆರಳು ಮುರಿಯಿತು. ನಾಟಿ ವೈದ್ಯರು ಬಿದಿರಿನ ಚಕ್ಕೆ ಕಟ್ಟಿ ಕೂಡಿಸಿದರು, ಕೂಡಿತು, ಸೊಟ್ಟಗೆ ಕೂಡಿತು. ಇವತ್ತಿಗೂ ಅದು ಉಳಿದ ನಾಲ್ಕು ಬೆರಳಿನ ಜೊತೆ ಮಾತು ಬಿಟ್ಟ ಹಾಗೆ ದೂರ ನಿಂತಿರುತ್ತದೆ. ಮದುವೆಯಾದ ಮೇಲೆ ನಮ್ಮ ಮನೆಯವರ ಸ್ಕೂಟರಿನ ಮೇಲೆ ಕಣ್ಣಿಟ್ಟೆ. "ಹಿಂದ ಕೂಡು, ಸಾಕು" ಎಂದರು. ಹಿಂದೆ ಕೂತೇ ಸಾಗಿತು.

ಹೀಗಿರುವಾಗ ಹದಿನೆಂಟು ಚಕ್ರದ ಲಾರಿ ಕೈಗೆ ಸಿಕ್ಕರೆ ಏನಾಗಬೇಡ. ಮೊದಲ ಕೆಲವು ತಿಂಗಳು ಇಂದುವನ್ನು ದಿನಾ ಸೋಲಿಸಿದೆ. ಅವಳು ಹಿಂದಿನಿಂದ "ನಿಧಾನ ಅಕ್ಕಾ, ಬಿಪಿ" ಎನ್ನುತ್ತಿದ್ದಳು. ಆಮೇಲೆ ಆ ಆಟದವರು ಅದನ್ನು ಹೊಸದು ಮಾಡಿದರು. ರಸ್ತೆಗೆ ಮಳೆ ಬಂತು, ಮಂಜು ಬಂತು, ಗಿಡದ ಎಲೆಗಳೆಲ್ಲ ಬೇರೆ ಬೇರೆಯಾಗಿ ಅಲ್ಲಾಡತೊಡಗಿದವು. ಅದರೊಂದಿಗೆ ನನಗೆ ಸೋಲು ಬಂತು. ಲ್ಯಾಪ್‌ಟಾಪು ಹಿಟ್ಟಿನ ಗಿರಣಿಯ ಹಾಗೆ ಹೊಯ್ಯೆಂದು ಕೂಗುತ್ತಿತ್ತು, ಚಿತ್ರ ಮಾತ್ರ ಮದುವೆ ಆಲ್ಬಮ್ಮಿನ ಹಾಳೆ ತಿರುವಿದ ಹಾಗೆ ಒಂದೊಂದಾಗಿ ಬರುತ್ತಿತ್ತು. ಕೊನೆಯ ಟೋಲ್ ಗೇಟು ಮೊದಲು ದಾಟಿದವರಿಗೆ ಗೆಲುವು. ಅದಕ್ಕೆ ಮುಂಚೆ ಒಂದು ಪೆಟ್ರೋಲ್ ಬಂಕಿನ ತಿರುವು ಬರುತ್ತದೆ. ಅಲ್ಲಿ ದಿನಾ ಪರದೆ ಪೂರಾ ನಿಂತುಬಿಡುವುದು. ಮತ್ತೆ ಚಿತ್ರ ಬರುವ ಹೊತ್ತಿಗೆ ಇಂದುವಿನ ಕೆಂಪು ಲಾರಿ ನನಗಿಂತ ಒಂದೇ ಒಂದು ಲಾರಿಯಷ್ಟು ಮುಂದೆ, ಗೇಟು ದಾಟುತ್ತಿರುತ್ತಿತ್ತು.

"ಮುಂದೆ ಹೋದೆ ಅಕ್ಕಾ, ತಪ್ಪು ತಿಳ್ಕೋಬೇಡಿ."

"ನಂದು ಕಾರ್ಡ್ ಹಳೇದು ಇಂದು."

"ಹೌದು ಹೌದು, ಕಾರ್ಡೇ ಇರಬೇಕು."

ಆ 'ಇರಬೇಕು' ನನಗೆ ನಾಟಿತು. ನಿಮ್ಮ ಹತ್ತಿರ ಮುಚ್ಚಿಡುವುದೇನು, ಅದೇ ದಿನಗಳಲ್ಲಿ ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆ. ಸೂಜಿಗೆ ದಾರ ಪೋಣಿಸಲು ಸೊಸೆಯನ್ನು ಕರೆದಿದ್ದೆ. ಒಂದು ಚಹಾದ ಕಪ್ಪು ಕೈಯಿಂದ ತಾನಾಗಿ ಜಾರಿ ಬಿದ್ದಿತ್ತು, ಯಾರೂ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಅಂದ ಹಾಗಿತ್ತು. ಹಾಗಾದರೆ ತಿರುವಿನಲ್ಲಿ ನಿಧಾನವಾಗುತ್ತಿದ್ದುದು ಲ್ಯಾಪ್‌ಟಾಪೋ, ನಾನೋ? ಕಾರ್ಡೇ ಆಗಿರಲಿ ಎಂದು ದೇವರಿಗೆ ಬೇಡಿಕೊಂಡೆ. ಯಾರ ಮೇಲಾದರೂ ಆಪಾದನೆ ಬರಲಿ ಎಂದು ಇಷ್ಟು ಭಕ್ತಿಯಿಂದ ನಾನು ಹಿಂದೆಂದೂ ಬೇಡಿರಲಿಲ್ಲ.

ಇಲ್ಲಿ ಒಂಚೂರು ಹಿಂದೆ ಹೋಗುತ್ತೇನೆ. ಲಾರಿಯೂ ರಿವರ್ಸ್ ಹೋಗುತ್ತದೆ, ನಾನು ಯಾಕೆ ಹೋಗಬಾರದು. ಆಗ ಇದೇ ಊರಿನ ಬೇಗಂ ಬಜಾರಿನಲ್ಲಿ ಕೆಳಗೆ ನಮ್ಮ ತಾಮ್ರ ಹಿತ್ತಾಳೆ ಪಾತ್ರೆಗಳ ಅಂಗಡಿ, ಮೇಲೆ ಮನೆ. ಹದಿನೆಂಟು ಬಾಯಿ, ದಿನಾ ಜೋಳದ ರೊಟ್ಟಿ. ಎರಡು ಒಲೆ, ಎರಡು ಬುಟ್ಟಿ, ಇಬ್ಬರು ಸೊಸೆಯಂದಿರು. ನಮ್ಮ ಅತ್ತೆಯವರು ನಡುವೆ ಕಾಲು ಚಾಚಿ ಕೂತು ಎರಡೂ ಬುಟ್ಟಿಗಳನ್ನು ಕಣ್ಣಲ್ಲೇ ತೂಗುತ್ತಿದ್ದರು. ಮುದ್ದೆ ತಿಂದು ಬೆಳೆದ ಇಂದುವಿಗೆ ರೊಟ್ಟಿ ಬಡಿಯುವುದು ಗೊತ್ತಿಲ್ಲ. ಅವಳ ರೊಟ್ಟಿ ಕೊಣಮಿಗೆಯಿಂದ ಏಳುವಾಗಲೇ ಹರಿಯುವುದು, ಹಂಚಿಗೆ ಬೀಳುವಾಗ ಎರಡಾಗಿರುವುದು. ನನ್ನ ಬುಟ್ಟಿ ತುಂಬುತ್ತಿದ್ದರೆ ಅವಳದರಲ್ಲಿ ಹೋಳುಗಳು. ಒಲೆಯ ಕಡೆ ಮುಖ ತಿರುಗಿಸಿಕೊಂಡು, ಹೊಗೆಯ ನೆಪದಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು. ಆಗಿನ್ನೂ ಹತ್ತೊಂಬತ್ತೋ ಇಪ್ಪತ್ತೋ.

ನಮ್ಮ ಅತ್ತೆಯವರಿಗೆ ತಪಕೀರಿನ ಚಟ. ಒಂದು ಚಿಟಿಕೆ ನಶ್ಯ ಏರಿಸಿದರೆ ಮೂರು ಸೀನು, ಪ್ರತಿ ಸೀನಿಗೂ ಎರಡು ಕಣ್ಣು ಗಟ್ಟಿ ಮುಚ್ಚಬೇಕು. ನಾನು ಆ ಹೊತ್ತು ಕಾಯುತ್ತಿದ್ದೆ. ಒಂದು ಸೀನಿಗೆ ಒಂದು ರೊಟ್ಟಿ, ನನ್ನ ಬುಟ್ಟಿಯಿಂದ ಅವಳ ಬುಟ್ಟಿಗೆ. ಅತ್ತೆಯವರು ಕಣ್ಣೀರು ಒರೆಸಿಕೊಂಡು ನೋಡಿ "ಹೂಂ, ಇವತ್ತು ಸಣ್ಣಾಕಿ ಕೈ ಸುಧಾರಿಸೇತಿ" ಎನ್ನುತ್ತಿದ್ದರು. ಇಂದು ಒಲೆಯ ಕಡೆ ಮುಖ ಮಾಡಿರುತ್ತಿದ್ದಳಾದ್ದರಿಂದ ಅವಳಿಗೂ ತಿಳಿಯಲಿಲ್ಲ. ನಾನೂ ಹೇಳಲಿಲ್ಲ. ಹೇಳಿದರೆ ಮಜಾ ಹೋಗುತ್ತಿತ್ತು. ಆರು ತಿಂಗಳಿಗೆ ಅವಳು ರೊಟ್ಟಿ ಕಲಿತಳು, ಕಲಿತ ದಿನದಿಂದ ನನಗೆ ಸವಾಲು ಹಾಕಿದಳು. ಅಂದಿನಿಂದ ನಮ್ಮ ಓಟ ನಡೆದೇ ಇದೆ.

ಮುಂದಕ್ಕೆ ಬರೋಣ. ಕೋಠಿಯ ಕಡೆ ಒಂದು ಗಲ್ಲಿಯಲ್ಲಿ ಗಫೂರ್ ಭಾಯಿಯ ರಿಪೇರಿ ಅಂಗಡಿಯಿದೆ ಎಂದು ಸಹನಾ ಯಾರನ್ನೋ ಕೇಳಿ ತಿಳಿದುಕೊಂಡಳು. ಒಂದು ಭಾನುವಾರ ಬೆಳಿಗ್ಗೆ ಅವಳೂ ನಾನೂ ಲ್ಯಾಪ್‌ಟಾಪನ್ನು ಕೂಸಿನ ಹಾಗೆ ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದೆವು. ಗಫೂರ್ ಭಾಯಿಗೆ ಅರವತ್ತರ ಹತ್ತಿರ. ಹಣೆಗೊಂದು ಕನ್ನಡಕ, ಮೂಗಿಗೊಂದು ಕನ್ನಡಕ. ತಾಯಿ ಬೀದರಿನವರಂತೆ, ಕನ್ನಡ ಉರ್ದು ಎರಡನ್ನೂ ಒಂದೇ ತಟ್ಟೆಯಲ್ಲಿ ಕಲಸಿ ಬಡಿಸುತ್ತಾರೆ. ನಮ್ಮ ಅಂಗಡಿಯ ಗುರುತು ಹೇಳಿದ ಕೂಡಲೇ ಸ್ಕ್ರೂಡ್ರೈವರು ಕೆಳಗಿಟ್ಟರು.

"ಅರೇ, ಭಾಂಡೇವಾಲೇ ಅಣ್ಣಾರ ಮನಿಯೋರಾ? ನಮ್ಮ ಅಬ್ಬಾ ನಿಮ್ಮ ಪಾವಟಿಗಿ ಮ್ಯಾಲೇ ಕಲಾಯಿ ಹಾಕ್ತಿದ್ರಲ್ಲ ಅಮ್ಮಾ."

ಅವರ ತಂದೆ ನಮ್ಮ ಅಂಗಡಿಯ ಮೆಟ್ಟಿಲ ಬಳಿ ನೆಲದಲ್ಲಿ ಕುಳಿ ತೋಡಿ, ತಿದಿ ಒತ್ತಿ, ಹಿತ್ತಾಳೆ ಪಾತ್ರೆ ಕೆಂಪಗೆ ಕಾಯಿಸಿ, ನವಸಾಗರದ ಪುಡಿ, ಅವರ ಮಾತಿನಲ್ಲಿ ನೌಸಾದರ್, ಉದುರಿಸಿ, ಬಿಳಿ ಹೊಗೆಯ ನಡುವೆ ತವರದ ಕಡ್ಡಿ ತಾಗಿಸಿ ಅರಳೆಯಿಂದ ಒಂದು ಸಲ ಸವರಿದರೆ, ಪಾತ್ರೆಯ ಹೊಟ್ಟೆಯೊಳಗೆ ಬೆಳದಿಂಗಳು ಹರಡಿದ ಹಾಗಾಗುತ್ತಿತ್ತು. ದೊಡ್ಡ ಹಂಡೆಯಾದರೆ ಮೊದಲು ಅದರೊಳಗೆ ಮರಳು ಸುರಿದು, ತಾವೇ ಇಳಿದು ನಿಂತು, ಸೊಂಟ ತಿರುಗಿಸಿ ತಿರುಗಿಸಿ ಕಾಲಿನಿಂದ ಉಜ್ಜುತ್ತಿದ್ದರು. ಇಂದು ಮತ್ತು ನಾನು ಕಿಟಕಿಯಿಂದ ಆ ಕುಣಿತ ನೋಡಿ, ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆವು. ಇದನ್ನು ಗಫೂರ್ ಭಾಯಿಗೆ ಹೇಳಲಿಲ್ಲ, ನಿಮಗೆ ಹೇಳಿದೆ.

"ಈಗಿನ ಪತ್ಲಾ, ತೆಳ್ಳನ ಲ್ಯಾಪ್‌ಟಾಪ್ ಇದ್ದಿದ್ರ ನಾ ಕೈ ಎತ್ತತಿದ್ದೆ ಅಮ್ಮಾ," ಎಂದರು. "ಅದರಾಗ ಕಾರ್ಡ್ ಬೋರ್ಡಿಗೇ ಬೆಸದಿರ್ತಾರ. ನಿಕಾಲ್ನಾ ಮುಶ್ಕಿಲ್."

"ಅಂದ್ರ ಕಲಾಯಿ ಇದ್ದಂಗೇನ್ರಿ? ಪಾತ್ರಿ ಬಿಟ್ಟು ಬರಂಗಿಲ್ಲ?"

ಎರಡೂ ಕನ್ನಡಕದ ನಡುವಿನಿಂದ ನನ್ನನ್ನು ನೋಡಿದರು. "ಬರೋಬರ್ ಅಂದ್ರಿ. ನಿಮ್ದು ಹಳೇ ಮೋಟಾ ಮಾಲು. ಇದರಾಗ ಖಾನೆ ಐತಿ, ಕಾರ್ಡ್ ಬ್ಯಾರೆ ಐತಿ. ಎರಡು ಸ್ಕ್ರೂ ತಗದು ಎಳದ್ರ ಬಂತು."

ಹಳೆಯದಾಗಿರುವುದೂ ದಪ್ಪಗಿರುವುದೂ ಒಂದು ಅನುಕೂಲ ಎಂದು ಒಬ್ಬರು ಬಾಯಿಬಿಟ್ಟು ಹೇಳಿದ್ದನ್ನು ನಾನು ಮೊದಲ ಸಲ ಕೇಳಿದೆ. ಸಹನಾಳ ಕಡೆ ತಿರುಗಿ ಒಂದು ನೋಟ ನೋಡಿದೆ.

ಆ ಜಂಬ ಹೆಚ್ಚು ಹೊತ್ತು ಉಳಿಯಲಿಲ್ಲ. ಗಫೂರ್ ಭಾಯಿ ಲ್ಯಾಪ್‌ಟಾಪನ್ನು ಬೋರಲು ಹಾಕಿ, ತಳದ ಮುಚ್ಚಳ ತೆಗೆದರು. ಹಾಗೇ ಕೈ ಹಿಂದೆಳೆದುಕೊಂಡರು.

"ಯಾ ಅಲ್ಲಾ. ಇದೇನಮ್ಮಾ, ಖೂನ್?"

ಒಳಗಿನ ಎರಡು ಪುಟ್ಟ ಫ್ಯಾನುಗಳೂ ಕೆಂಪು. ರೆಕ್ಕೆ, ಜಾಲರಿ, ತಾಮ್ರದ ಕೊಳವೆ, ಕಾರ್ಡಿನ ಅಂಚು, ಎಲ್ಲದರ ಮೇಲೂ ಕೆಂಪು, ಅಲ್ಲಲ್ಲಿ ಹಳದಿ. ಒಂದು ಬ್ರಶ್ಶಿನಿಂದ ಕೆರೆದು ಮೂಸಿ ನೋಡಿದರು. ಸಹನಾ ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಅಜ್ಜೀ. ಖಂಡೇಪೂಜಾ ದಿನಾ ಏನ್ ಮಾಡಿದಿ?"

ನಾನು ಅವರ ಅಂಗಡಿಯ ಮೇಲಿನ ಜೇಡರ ಬಲೆ ನೋಡಿದೆ. ನವರಾತ್ರಿಯಲ್ಲಿ ಆಯುಧಗಳಿಗೆ ಪೂಜೆ ಮಾಡುವುದು ನಮ್ಮಲ್ಲಿ ಬಿಡುವಂತಿಲ್ಲ. ತಕ್ಕಡಿ, ಸುತ್ತಿಗೆ, ಮಿಕ್ಸರು, ಸ್ಕೂಟರು, ಎಲ್ಲಕ್ಕೂ ಮಾಡಿದೆ. ಲಾರಿ ಓಡಿಸುವವರು ಲಾರಿಗೆ ಮಾಡುತ್ತಾರೆ, ನನ್ನ ಲಾರಿ ಇದರೊಳಗಿದೆ. ತಳದಲ್ಲಿ ಸಣ್ಣ ಸಣ್ಣ ತೂತುಗಳ ಜಾಲರಿ ಕಂಡಿತು. ದೇವರ ಗರ್ಭಗುಡಿ ಅಲ್ಲೇ ಇರಬೇಕೆಂದು ಅದಕ್ಕೇ ಅರಿಶಿಣ ಕುಂಕುಮ ಏರಿಸಿದೆ. ಭಕ್ತಿ ಜಾಸ್ತಿಯಾಗಿ ಅದೇ ಹೊತ್ತಿಗೆ ಚಾಲೂ ಮಾಡಿದ್ದೆ, ಸರ್ರನೆ ಒಳಗೆಳೆದುಕೊಂಡಿತು. ಸ್ವೀಕಾರವಾಯಿತೆಂದು ನನಗೆ ಕಣ್ಣು ತುಂಬಿ ಬಂದಿತ್ತು. ಹೀಗೆ ಎರಡು ವರ್ಷ.

ಗಫೂರ್ ಭಾಯಿ ಬೋರ್ಡನ್ನು ವಾಲಿಸಿದಾಗ ನಾಲ್ಕು ಅಕ್ಷತೆ ಕಾಳು ಉದುರಿದವು.

"ಚಾವಲ್ ಐತಿ, ಹಲ್ದಿ ಐತಿ," ಎಂದರು. "ಗೋಷ್ತ್ ಹಾಕಿದ್ರ ಬಿರ್ಯಾನಿ ಆಗ್ತಿತ್ತು ಅಮ್ಮಾ, ಗರಂ ಅಂತೂ ಭಾಳ ಆಗ್ಯೈತಿ."

ಸಹನಾ ನಗುತ್ತ ಸ್ಟೂಲಿನಿಂದ ಜಾರಿದಳು. ನಾನೂ ನಕ್ಕೆ. ಆದರೆ ಒಳಗೊಂದು ಖುಷಿ ಬುಗ್ಗೆಯ ಹಾಗೆ ಎದ್ದಿತ್ತು. ನಾನಲ್ಲ, ಕುಂಕುಮ. ತಪ್ಪು ಮಾಡಿದ್ದು ನನ್ನ ಕೈಯೇ ಆದರೂ, ಸೋತದ್ದು ನನ್ನ ಕೈಯಲ್ಲ. ಫ್ಯಾನು ತೊಳೆದರೆ ಸೆಕೆ ಇಳಿಯುತ್ತದೆ, ಆದರೆ ಆ ಮಳೆಯ ಆಟಕ್ಕೆ ಈ ಕಾರ್ಡು ಮೊದಲೇ ಸಾಲದು ಎಂದು ಗಫೂರ್ ಭಾಯಿ ಹೇಳಿದರು. ಅದೇ ಜಾತಿಯ, ಬೋರ್ಡು ಸತ್ತ ಇನ್ನೊಂದು ಲ್ಯಾಪ್‌ಟಾಪಿನಿಂದ ತೆಗೆದಿಟ್ಟ, ಎರಡು ಪೀಳಿಗೆ ಹೊಸ ಕಾರ್ಡೊಂದು ಅವರ ಡಬ್ಬಿಯಲ್ಲಿತ್ತು.

"ಹಾಕ್ರಿ," ಎಂದೆ.

"ಒಂದು ಮಾತು ಅಮ್ಮಾ. ಸ್ಕ್ರೂ ಕೂಡ್ತೈತಿ, ಅಳತಿ ಕೂಡ್ತೈತಿ. ಆದ್ರ ಕೆಲವು ಲ್ಯಾಪ್‌ಟಾಪ್ ಪರಾಯಾ ಕಾರ್ಡ್, ಅಂದ್ರ ಬ್ಯಾರೆ ಮನೀದು, ಒಪ್ಪಂಗಿಲ್ಲ. ಮಾನ್ತಾ ಹೈ ಯಾ ನೈ, ಹಾಕಿದ ಮ್ಯಾಲೇ ಗೊತ್ತು."

"ಸೊಸಿ ತಂದಂಗ ಅನ್ರಿ."

"ಹೌ ಅಮ್ಮಾ. ಹಂಗೇ."

ಅವರು ಹಳೆಯ ಕಾರ್ಡು ಎಳೆದು ನನ್ನ ಕೈಯಲ್ಲಿಟ್ಟರು. ತಾಮ್ರದ ಪಟ್ಟಿಯ ಮೇಲೆ ಒಣಗಿ ಬಿರಿದಿದ್ದ ಬೂದು ಬಣ್ಣದ ಲೇಪವನ್ನು ಸ್ಪಿರಿಟ್ ಹಚ್ಚಿ ಒರೆಸಿದರು. ತಾಮ್ರ ಹೊಳೆಯಿತು. ಹೊಸ ಕಾರ್ಡಿನ ಕಪ್ಪು ಚೌಕದ ಮೇಲೆ ಬೆಳ್ಳಿ ಬಣ್ಣದ ಪೇಸ್ಟಿನ ಒಂದು ತೊಟ್ಟು ಇಟ್ಟು, ತೆಳ್ಳಗೆ, ಒಂದೇ ಸಮ ಸವರಿದರು. ಕಾರ್ಡಿನ ಬಿಸಿಯನ್ನು ತಾಮ್ರಕ್ಕೆ ದಾಟಿಸುವ ಲೇಪವಂತೆ. ಆ ಕೈ ತಿರುಗಿದ ರೀತಿ ನೋಡಿದ್ದೇ ನನಗೆ ನಮ್ಮ ಮೆಟ್ಟಿಲು, ತಿದಿ, ಬಿಳಿ ಹೊಗೆ, ಎಲ್ಲ ಬಂತು.

"ಗಫೂರ್ ಭಾಯಿ, ಇದು ಕಲಾಯಿನಽ ಅಲ್ಲೇನ್ರಿ?"

ಅವರ ಕೈ ನಿಂತಿತು. "ಇಪ್ಪತ್ತು ವರ್ಷ ಆತು ಹಚ್ಚಾಕತ್ತೀನಿ. ನನಗ ಹೊಳೀಲೇ ಇಲ್ಲ ನೋಡ್ರಿ," ಎಂದರು. "ಅಬ್ಬಾ ಇದ್ದಿದ್ರ ನೌಸಾದರ್ ಎಲ್ಲೈತಿ ಅಂತ ಕೇಳ್ತಿದ್ರು."

ಹೊಸ ಕಾರ್ಡು ಖಾನೆಯೊಳಗೆ ಜಾರಿತು. ಸ್ಕ್ರೂ ಬಿಗಿದು ಗುಂಡಿ ಒತ್ತಿದರು. ಫ್ಯಾನು ತಿರುಗಿತು, ಪರದೆ ಕಪ್ಪು. ಕಪ್ಪಾಗಿಯೇ ಉಳಿಯಿತು. ಸಹನಾ ಉಗುರು ಕಚ್ಚಿದಳು. ನಾನು ಕುಂಕುಮ ಹಚ್ಚಿದ ತಪ್ಪಿಗೆ ಯಾವ ದೇವರಿಗೆ ಕ್ಷಮೆ ಕೇಳಬೇಕೆಂದು ತಿಳಿಯದೆ, ಎಲ್ಲರಿಗೂ ಸೇರಿಸಿ ಕೇಳಿದೆ. ಗಫೂರ್ ಭಾಯಿ ಆರಿಸಿ, ಮತ್ತೆ ಬಿಚ್ಚಿ, ಕಾರ್ಡಿನ ಬೆನ್ನಿಗೆ ಎರಡು ಹೆಬ್ಬೆರಳಿಟ್ಟು ಒತ್ತಿದರು. ಟಕ್ ಎಂದು ಸಣ್ಣ ಸದ್ದು. "ಪೂರಾ ಕೂತಿರಲಿಲ್ಲ. ನಾಚ್ಕೊಂಡಿತ್ತು." ಮತ್ತೆ ಗುಂಡಿ ಒತ್ತಿದರು. ಮೂರು ಉಸಿರಿನ ಮೇಲೆ ಪರದೆ ಬೆಳಗಿತು.

ಮೆಟ್ರೋದಲ್ಲಿ ವಾಪಸು ಬರುವಾಗ ಸಹನಾ ನನ್ನ ತೋಳು ಹಿಡಿದುಕೊಂಡು, ನಗುತ್ತಲೇ ಒಂದು ಮಾತು ಕೇಳಿದಳು. "ಅಜ್ಜಿ, ಫ್ಯಾನ್ ತೊಳದಾತು, ಕಾರ್ಡ್ ಹಾಕಿದ್ದಾತು. ಈಗೂ ಸೋತ್ರ?"

ಅವಳಿಗೆ ಅದು ತಮಾಷೆ. ನಾನು ಉಪ್ಪಲ್ ಬರುವತನಕ ಮಡಿಲಲ್ಲಿದ್ದ ಲ್ಯಾಪ್‌ಟಾಪಿನ ಟವೆಲ್ಲು ಬಿಚ್ಚಿ ಬಿಚ್ಚಿ ಮತ್ತೆ ಸುತ್ತಿದೆ. ಇನ್ನು ಹೇಳಿಕೊಳ್ಳಲು ನನ್ನ ಹತ್ತಿರ ಬೇರೆ ಯಾವ ಕಾರ್ಡೂ ಉಳಿದಿರಲಿಲ್ಲ.

ಮಧ್ಯಾಹ್ನ ಮೂರು. ಚಹಾ ಕುಡಿಯದೆ ಹಾಗೇ ಮುಚ್ಚಿಟ್ಟೆ. ಹೊಸ ಕಾರ್ಡಿನ ಸುದ್ದಿ ಇಂದುವಿಗೆ ಹೇಳಲಿಲ್ಲ, ಗೆದ್ದ ಮೇಲೆ ಹೇಳಿ ಉರಿಸೋಣವೆಂದು. ಲಾರಿ ಹೊರಟಿತು. ಏನೆಂದು ಹೇಳಲಿ. ಗಾಜಿನ ಮೇಲೆ ಮಳೆಹನಿ ಒಂದೊಂದೂ ಬೇರೆ ಬೇರೆ ಬಿದ್ದು, ಒರೆಸುವ ಕಡ್ಡಿ ಬಂದಾಗ ಓಡುತ್ತಿದ್ದವು. ರಸ್ತೆಯ ನೀರಿನಲ್ಲಿ ನನ್ನ ಹಳದಿ ಲಾರಿಯ ನೆರಳು. ಒಂದು ಹೊಲದಲ್ಲಿ ಹ್ಯಾಟು ಹಾಕಿದ ಬೆದರುಗೊಂಬೆಯಿತ್ತು, ಇಷ್ಟು ದಿನ ಅದನ್ನು ಕಂಬವೆಂದುಕೊಂಡಿದ್ದೆ. ಲ್ಯಾಪ್‌ಟಾಪು ಬೆಕ್ಕಿನ ಹಾಗೆ ಗುರುಗುಟ್ಟುತ್ತಿತ್ತು. ಬಾಯಲ್ಲಿ ಗಾಳಿ ಹೊಕ್ಕ ಹಾಗಾಯಿತು, ಇಂಡಿಯ ಇಳಿಜಾರಿನಲ್ಲಿ ಹೊಕ್ಕಿತ್ತಲ್ಲ, ಅದೇ ಗಾಳಿ. ಇದ್ದಬದ್ದ ಜೀವವನ್ನೆಲ್ಲ ಆ ನಾಲ್ಕು ಬಾಣದ ಗುಂಡಿಗಳ ಮೇಲೆ ಹಾಕಿ ಓಡಿಸಿದೆ.

ಆದರೂ ಇಂದು ಮುಂದೆ. ಮೊದಲ ಸೇತುವೆಯಲ್ಲಿ ಮುಂದೆ, ಎರಡನೇ ಸುರಂಗದಲ್ಲಿ ಕಣ್ಣಿಗೇ ಕಾಣದಷ್ಟು ಮುಂದೆ. ನಾನು ಗುಂಡಿ ಒತ್ತುವುದಕ್ಕೂ, ಒತ್ತಬೇಕೆಂದು ಅಂದುಕೊಳ್ಳುವುದಕ್ಕೂ ನಡುವೆ ಒಂದು ಸಣ್ಣ ಸಂದು ಇರುವುದು ಆಗ ನನಗೇ ಗೊತ್ತಾಯಿತು. ಚಿತ್ರ ಎಲ್ಲೂ ನಿಲ್ಲುತ್ತಿರಲಿಲ್ಲ. ನಿಲ್ಲುತ್ತಿದ್ದವಳು ನಾನು.

ಪೆಟ್ರೋಲ್ ಬಂಕಿನ ತಿರುವು ಬಂತು. ದಿನಾ ಪರದೆ ಸತ್ತು ಹೋಗುತ್ತಿದ್ದ ಜಾಗ. ಅವತ್ತು ಸಾಯಲಿಲ್ಲ. ತಿರುಗಿದೆ. ತಿರುವಿನಾಚೆ, ರಸ್ತೆಯ ಬದಿಗೆ, ಮಳೆಯಲ್ಲಿ ನೆನೆಯುತ್ತ, ಎರಡೂ ಹಳದಿ ದೀಪ ಮಿಣಮಿಣ ಮಾಡಿಕೊಂಡು ಒಂದು ಕೆಂಪು ಲಾರಿ ನಿಂತಿತ್ತು.

ನಾನು ಬ್ರೇಕು ಒತ್ತಿ ಅದರ ಪಕ್ಕದಲ್ಲಿ ನಿಂತೆ.

"ಇಂದು, ಯಾಕ ನಿಂತಿದಿ?"

"ಎಲ್ಲಿ ನಿಂತಿದೀನಿ ಅಕ್ಕಾ? ಓಡ್ತಾನೇ ಇದೀನಿ."

"ನಿನ್ನ ಚಕ್ರಕ್ಕ ಹತ್ತಿದ ಕೆಸರು ಕಾಣಾಕತ್ತೈತಿ ನನಗ."

ಇಂದು ಓಡಿಸುವ ನಾಟಕ ಬಿಟ್ಟಳು. ಆಮೇಲೆ ಸಣ್ಣಗೆ, "ಕಾರ್ಡು ಹಾಕಿಸಿಬಿಟ್ರಾ?"

"ಹಾಕಿಸ್ದೆ. ಎಷ್ಟು ದಿನಾ ಆತು ಹಿಂಗ ಕಾಯಾಕತ್ತಿ?"

"ಮಳೆ ಬಂದಾಗಿನಿಂದ."

ಆಟದೊಳಗಿನ ಯಾವನೋ ಡ್ರೈವರು ಹಿಂದಿನಿಂದ ಹಾರನ್ ಹೊಡೆದು, ನಮ್ಮಿಬ್ಬರನ್ನೂ ಬಳಸಿ ಹೋದ. ಒಂದು ಲಾರಿಯಷ್ಟರಲ್ಲಿ ಸೋತೆ, ಒಂದು ಕೂದಲೆಳೆಯಲ್ಲಿ ಸೋತೆ ಎಂದು ಇಷ್ಟು ದಿನ ಊರೆಲ್ಲ ಹೇಳಿಕೊಂಡು ಬಂದಿದ್ದೆನಲ್ಲ, ಆ ಕೂದಲೆಳೆಯೂ ಅವಳೇ ಇಲ್ಲಿ ನಾನು ಬರುವತನಕ ಕಾದು ಕೊಟ್ಟದ್ದು.

"ನಿನಗ ಯಾರ್ ಹೇಳಿದ್ರು ಕಾಯಿ ಅಂತ?" ಎಂದೆ. ಸಿಟ್ಟು ಮಾಡಬೇಕೆಂದಿದ್ದೆ, ಆಗಲಿಲ್ಲ.

"ಯಾರು ಹೇಳಬೇಕು? ಅತ್ತೆಯವರು ಮೂರು ಸಲ ಸೀನೋರು, ನನ್ನ ಬುಟ್ಟೀಲಿ ಮೂರು ರೊಟ್ಟಿ ಜಾಸ್ತಿ ಆಗೋವು. ನಂಗೆ ತಿಳಿಯಲ್ಲ ಅಂದ್ಕೊಂಡಿದ್ರಾ?"

"ನೀ ಒಲಿ ಕಡೆ ಮುಖಾ ಮಾಡಿರ್ತಿದ್ದಿ."

"ರೊಟ್ಟಿ ಅಂಚಲ್ಲಿ ನಿಮ್ಮ ಸೊಟ್ಟ ಕಿರುಬೆರಳಿನ ಕಚ್ಚು ಬಿದ್ದಿರೋದು ಅಕ್ಕಾ. ಅದು ಅತ್ತೆ ಕಣ್ಣಿಗೆ ಬೀಳಬಾರದು ಅಂತ ಆ ಕಚ್ಚಿನ ರೊಟ್ಟೀನೆಲ್ಲ ನಾನೇ ಹುಡುಕಿ ಹುಡುಕಿ ತಿಂತಿದ್ದೆ. ಅದಕ್ಕೇ ಆ ವರ್ಷ ಅಷ್ಟು ದಪ್ಪ ಆದೆ. ತವರಿಗೆ ಹೋದಾಗ ನಮ್ಮಮ್ಮ ಖುಷಿಯಾಗಿ, ಅತ್ತೆ ಮನೇಲಿ ಎಷ್ಟು ಚೆನ್ನಾಗಿ ನೋಡ್ಕೋತಾರೆ ಅಂತ..."

ಅವಳ ದನಿ ಒದ್ದೆಯಾಯಿತು. ನಾನು ಕೀಲಿಮಣೆಯ ಮೇಲಿದ್ದ ನನ್ನ ಕೈ ನೋಡಿದೆ. ಸೊಟ್ಟ ಕಿರುಬೆರಳು ಎಂದಿನ ಹಾಗೆ ದೂರ ನಿಂತಿತ್ತು. ಕೈ ನಿಧಾನವಾಗಿದೆ, ಸುಳ್ಳಲ್ಲ. ಕುಂಕುಮದ್ದೂ ಅಲ್ಲ, ಕಾರ್ಡಿನದೂ ಅಲ್ಲ. ಇಂದು ಇನ್ನೂ ಹೇಳುತ್ತಿದ್ದಳು, ಅವರಮ್ಮ ಹಾಗಂದದ್ದು, ಅವಳು ಏನೂ ಹೇಳದೆ ಸುಮ್ಮನಾದದ್ದು, ನಡುನಡುವೆ ಮೂಗು ಏರಿಸುತ್ತ. ಮೂಗು ಒರೆಸಿಕೊಳ್ಳಲು ಎರಡೂ ಕೈ ಬೇಕಾಗಿರಬೇಕು, ಅವಳ ಲಾರಿಯ ದೀಪ ಮಿಣುಕುತ್ತಲೇ ಇತ್ತು. ಟೋಲ್ ಗೇಟು ಅಲ್ಲೇ ಎದುರಿಗೆ ಕಾಣುತ್ತಿತ್ತು, ಒಂದೊಂದು ಪಟ್ಟೆಯೂ ಸ್ಪಷ್ಟವಾಗಿ. ನಾನು ಸೊಟ್ಟ ಬೆರಳನ್ನೇ ಮೇಲಿನ ಬಾಣದ ಗುಂಡಿಯ ಮೇಲೆ ಮೆತ್ತಗೆ ಇಟ್ಟೆ.

"ಅಕ್ಕಾ? ಕೇಳ್ತಿದೀರಾ? ಅಕ್ಕಾ, ನಿಮ್ಮ ಲಾರಿ ಎಲ್ಲೋಯ್ತು?"

"ಮುಂದ ಹೊಂಟೀನಿ ಇಂದು," ಎಂದೆ. "ತಪ್ಪು ತಿಳ್ಕೋಬ್ಯಾಡ."